ರುಕ್ಮವ್ವನ ಗೋಡೆ ಟಿವಿ

ಟಿ. ದಾಸರಹಳ್ಳಿಯ ವೆಂಕಟರಮಣಪ್ಪನವರ ಶೀಟ್ ಮನೆಗಳ ಸಾಲಿನಲ್ಲಿ ರುಕ್ಮವ್ವನಷ್ಟು ಅನುಮಾನದ ಹೆಂಗಸು ಇನ್ನೊಬ್ಬಳಿರಲಿಲ್ಲ. ಹಾಲಿನವನು ನಗುತ್ತಾ ಹಾಲು ಕೊಟ್ಟರೆ ನೀರು ಜಾಸ್ತಿ ಬೆರೆಸಿದ್ದಾನೆ, ಮುಖ ಗಂಟು ಹಾಕಿಕೊಂಡು ಕೊಟ್ಟರೆ ಅದು ನಿನ್ನೆಯ ಹಾಲು. ಗ್ಯಾಸ್ ಸಿಲಿಂಡರ್ ಬಂದರೆ ಎತ್ತಿ, ಅಲ್ಲಾಡಿಸಿ, ಕಿವಿಗೊಟ್ಟು ಕೇಳಿ ಆಮೇಲೆ ಒಳಗೆ ಬಿಟ್ಟುಕೊಳ್ಳುವವಳು. ಯಾರಾದರೂ ಸುಮ್ಮನೆ ಬಾಯಿಮಾತಿಗೆ ‘ಈ ಸೀರಿ ಚಂದ ಕಾಣ್ತದ ಅಕ್ಕಾ’ ಅಂದರೆ ಸಾಕು, ಇವಳಿಗೆ ನನ್ನಿಂದ ಏನಾಗಬೇಕಾಗಿದೆ ಎಂದು ಮಲಗುವ ತನಕ ಅದನ್ನೇ ಮೆಲುಕು ಹಾಕುತ್ತಿದ್ದಳು. ಅವಳ ಮಟ್ಟಿಗೆ ಅನುಮಾನ ಕೆಟ್ಟ ಗುಣವಲ್ಲ, ಮನೆಗೆಲಸ. ಕಸ ಗುಡಿಸಿದ ಹಾಗೆ ದಿನವೂ ಮಾಡಬೇಕಾದದ್ದು.

ಹೊಟ್ಟೆಪಾಡಿನ ಕೆಲಸ ಎಂದರೆ ಜೋಳದ ರೊಟ್ಟಿ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಯಾದಗಿರಿ, ಕಲಬುರಗಿ ಕಡೆಯ ಹುಡುಗರಿಗೆ ಅನ್ನ ಎಷ್ಟು ತಿಂದರೂ ತಿಂದಂತಾಗುವುದಿಲ್ಲವಲ್ಲ, ಅವರೆಲ್ಲ ರುಕ್ಮವ್ವನ ಬಾಗಿಲಿಗೆ ಬಂದು ರೊಟ್ಟಿ, ಶೇಂಗಾ ಹಿಂಡಿಯ ಚಟ್ನಿಪುಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಅವಳದು ಶಹಾಪುರದ ಹತ್ತಿರದ ಒಂದು ಊರು. ಗಂಡ ಮರೆಪ್ಪ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುತ್ತಿದ್ದವನು ಕಾಮಾಲೆಯಾಗಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಮಹಾನಂದಾ ಸುರಪುರದಲ್ಲಿ ಗಂಡನ ಮನೆಯಲ್ಲಿದ್ದಳು. ‘ನಮ್ಮ ಹಂತ್ಯಾಕ ಬಂದು ಇರವ್ವ’ ಎಂದು ಮಗಳು ಫೋನಿನಲ್ಲಿ ಕರೆದಾಗಲೆಲ್ಲ, ಅಳಿಯ ಯಾಕೆ ಹೀಗೆ ಹೇಳಿಸುತ್ತಿದ್ದಾನೆ ಎಂದು ರುಕ್ಮವ್ವನಿಗೆ ಅನುಮಾನ. ಹಾಗಾಗಿ ಇಲ್ಲೇ ಉಳಿದಳು.

ಉಳಿಯಲು ಇನ್ನೊಂದು ಕಾರಣವೂ ಇತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಿನಾ ಸಂಜೆ ಗಾರ್ಮೆಂಟ್ಸ್ ಬಿಟ್ಟ ಮೇಲೆ ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಕೋಣೆಗೆ ಬರುತ್ತಿದ್ದರು. ಕೆಲವರ ಮನೆಯಲ್ಲಿ ಟಿವಿ ಇತ್ತು, ಇಲ್ಲವೆಂದಲ್ಲ. ಆದರೆ ಅಲ್ಲಿ ಗಂಡಸರು ಕ್ರಿಕೆಟ್ ಹಾಕಿಕೊಂಡು ಕಾಲು ಚಾಚಿರುತ್ತಿದ್ದರು. ರುಕ್ಮವ್ವನ ಮನೆಯಲ್ಲಿ ಗಂಡಸಿಲ್ಲ, ರಿಮೋಟ್ ಅವಳ ಕೈಯಲ್ಲಿ. ಬರುವವರು ಬರುವಾಗ ಮೆಂತ್ಯ ಸೊಪ್ಪನ್ನೋ ಅವರೆಕಾಯಿಯನ್ನೋ ಮಡಿಲಲ್ಲಿ ಕಟ್ಟಿಕೊಂಡು ಬಂದು, ಧಾರಾವಾಹಿ ನೋಡುತ್ತಾ ಸೋಸುತ್ತಾ ಬಿಡಿಸುತ್ತಾ ಕೂರುತ್ತಿದ್ದರು. ಅತ್ತೆಯನ್ನು ಬೈಯುತ್ತಿದ್ದರು, ಸೊಸೆಯನ್ನೂ ಬೈಯುತ್ತಿದ್ದರು, ಸೂಪರ್‌ವೈಸರನ್ನು ಎಲ್ಲರಿಗಿಂತ ಜಾಸ್ತಿ ಬೈಯುತ್ತಿದ್ದರು. ರುಕ್ಮವ್ವ ‘ಏ ಸರೀರಿ ಆ ಕಡಿ, ನನ್ನ ಮನಿ ಏನು ಧರ್ಮಛತ್ರ ಮಾಡೀರೇನು’ ಎಂದು ಗದರುತ್ತಿದ್ದಳು. ಆದರೆ ಯಾರಾದರೂ ಒಂದು ಸಂಜೆ ಬಾರದೆ ಹೋದರೆ ಮರುದಿನ ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿ ಕಾರಣ ಕೇಳುವವಳೂ ಅವಳೇ. ಗಂಡ ಹೋದ ಮೇಲೆ ಅವಳಿಗೆ ಹೆದರಿಕೆ ಅಂತ ಉಳಿದದ್ದು ಒಂದೇ: ಸಂಜೆ ಯಾರೂ ಬಾರದ ಮನೆ.

ಆ ವರ್ಷ ಮೆಟ್ರೋ ರೈಲು ನಾಗಸಂದ್ರದವರೆಗೆ ಓಡಲು ಶುರುವಾಗಿತ್ತು. ತುಮಕೂರು ರಸ್ತೆಯ ಅಂಗಡಿಗಳಿಗೆಲ್ಲ ಹೊಸ ಕಳೆ. ಇತ್ತ ರುಕ್ಮವ್ವನ ಡಬ್ಬ ಟಿವಿಗೆ ಮಾತ್ರ ಮುಪ್ಪು ಹಿಡಿದಿತ್ತು. ಮೊದಲು ಒಂದು ಮೂಲೆಯಲ್ಲಿ ಹಸಿರು ಬಣ್ಣ ಕಾಣಿಸಿಕೊಂಡಿತು, ಆಮೇಲೆ ಇಡೀ ಪರದೆಗೆ ಹಬ್ಬಿತು. ಮದುವೆಯ ಸೀನಿನಲ್ಲಿ ಮದುಮಗ, ಮದುಮಗಳು, ಪುರೋಹಿತ, ಅಕ್ಷತೆ ಎಲ್ಲವೂ ಹಸಿರು. ಬದಿಗೆ ಒಂದು ಏಟು ಕೊಟ್ಟರೆ ಸ್ವಲ್ಪ ಹೊತ್ತು ಮನುಷ್ಯರ ಬಣ್ಣಕ್ಕೆ ಬರುತ್ತಿದ್ದರು, ಮತ್ತೆ ಹಸಿರಾಗುತ್ತಿದ್ದರು. ಅದೇ ಹೊತ್ತಿಗೆ ಹಿಂದಿನ ಸಾಲಿನ ವಸಂತಮ್ಮನ ಮನೆಗೆ ಗೋಡೆಗೆ ನೇತುಹಾಕುವ ಚಪ್ಪಟೆ ಟಿವಿ ಬಂತು. ಅವಳ ಅಳಿಯ ಕೊಡಿಸಿದನಂತೆ. ವಾರ ಕಳೆಯುವುದರೊಳಗೆ ರುಕ್ಮವ್ವನ ಮನೆಯಲ್ಲಿ ಇಬ್ಬರು ಕಡಿಮೆಯಾದರು. ಕೇಳಿದರೆ ಒಬ್ಬಳಿಗೆ ತಲೆನೋವಂತೆ, ಇನ್ನೊಬ್ಬಳಿಗೆ ಬಟ್ಟೆ ಒಗೆಯುವುದಿತ್ತಂತೆ. ಕತ್ತಲಾದ ಮೇಲೆ ಯಾರು ಬಟ್ಟೆ ಒಗೆಯುತ್ತಾರೆ, ನೀವೇ ಹೇಳಿ.

ರುಕ್ಮವ್ವನ ಎದೆಯಲ್ಲಿ ಅಂದೇ ಹುಳ ಹೊಕ್ಕಿತು. ಹೊಸ ಟಿವಿ ತರಬೇಕು. ಆದರೆ ಈಗ ತರಬೇಕೋ, ತಡೆಯಬೇಕೋ?

ಒಂದು ಭಾನುವಾರ ಎದುರು ಮನೆಯ ನೀಲಾಂಬಿಕಾಳನ್ನು ಕರೆದುಕೊಂಡು ತುಮಕೂರು ರಸ್ತೆಯ ಅಂಗಡಿಗೆ ಹೋದಳು. ಈ ನೀಲಾಂಬಿಕಾ ಇದ್ದಾಳಲ್ಲ, ಇಡೀ ದಾಸರಹಳ್ಳಿಯಲ್ಲಿ ರುಕ್ಮವ್ವ ಅನುಮಾನಪಡದ ಒಂದೇ ಜೀವ. ಗಾರ್ಮೆಂಟ್ಸಿನಲ್ಲಿ ಟೈಲರ್. ಗಂಡ ಸಂಗಣ್ಣ ಮನೆ ಓನರ್ ವೆಂಕಟರಮಣಪ್ಪನವರ ಕಾರು ಓಡಿಸುತ್ತಿದ್ದ. ಹಿಂದೊಮ್ಮೆ ಅವಳಿಗೆ ಐದು ತಿಂಗಳ ಬಸಿರು ಇಳಿದುಹೋದಾಗ ತಾಯಿಯಿಲ್ಲದ ಆ ಹುಡುಗಿಗೆ ಬಾಣಂತನದಷ್ಟೇ ಆರೈಕೆ ಮಾಡಿದವಳು ರುಕ್ಮವ್ವ. ಆಮೇಲೆ ನೀಲಾಂಬಿಕಾಳಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಯಾವತ್ತೂ ಎತ್ತುತ್ತಿರಲಿಲ್ಲ.

ಅಂಗಡಿಯ ಹುಡುಗ ಟೈ ಕಟ್ಟಿಕೊಂಡು ಓಡಿ ಬಂದ. “ಬನ್ನಿ ಆಂಟಿ, ಬನ್ನಿ. ಇವಾಗ್ಲೇ ತಗೊಂಡ್ಬಿಡಿ. ದಸರಾ ಆಫರ್ ನಡೀತಿದೆ, ಹಬ್ಬ ಆದ್ಮೇಲೆ ರೇಟ್ ಜಾಸ್ತಿ ಆಗ್ಬಿಡುತ್ತೆ. ಹಳೇ ಟಿವಿ ಕೊಟ್ರೆ ಎಕ್ಸ್‌ಚೇಂಜೂ ಮಾಡ್ಕೊತೀವಿ.”

ರುಕ್ಮವ್ವನ ಕಿವಿ ನೆಟ್ಟಗಾಯಿತು. “ನನ್ನ ಹಳೇ ಟಿವಿ ಹಸಿರು ಆಗ್ಯದ. ಹೊಡದ್ರಷ್ಟೇ ಕಾಣ್ತದ. ಅದನ್ನ ತಗೊಂಡು ನೀ ಏನ್ ಮಾಡಾವ?”

“ಅದು... ಕಂಪನಿಗೆ ಕಳಿಸ್ತೀವಿ ಆಂಟಿ.”

“ಕಂಪನ್ಯಾವ್ರು ಅದನ್ನ ಏನ್ ಮಾಡ್ತಾರ?”

ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವನು ತಡವರಿಸಿದ ಆ ಗಳಿಗೆಯಲ್ಲೇ ರುಕ್ಮವ್ವ ತೀರ್ಮಾನಕ್ಕೆ ಬಂದಳು: ಹಳೆಯ ಟಿವಿಯೊಳಗೆ ಬೆಲೆಬಾಳುವಂಥದ್ದು ಏನೋ ಇದೆ, ಅದಕ್ಕೇ ಅಂಗಡಿಯವರು ಅದನ್ನು ಕೇಳುತ್ತಿದ್ದಾರೆ. ಆಮೇಲೆ ಅವಳು ಗೋಡೆಯ ಮೇಲಿನ ಟಿವಿಯ ಬದಿಗೆ ಹೋಗಿ ಒಂದು ಕಣ್ಣು ಮುಚ್ಚಿ ಹಿಂದುಗಡೆ ಇಣುಕಿದಳು. ಅಲ್ಲಿ ಏನೂ ಇರಲಿಲ್ಲ. ಇಷ್ಟು ತೆಳ್ಳಗಿರುವ ವಸ್ತುವಿಗೆ ಇಷ್ಟು ಬೆಲೆ ಎಂದರೆ ಒಳಗೆ ಏನನ್ನೋ ಹಾಕಿಲ್ಲ ಎಂದೇ ಅರ್ಥವಲ್ಲವೇ? ನೀಲಾಂಬಿಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಅದೇ ರಸ್ತೆಯ ಇನ್ನೊಂದು ಅಂಗಡಿಯವನು ಬೇರೆಯೇ ರಾಗ ಎಳೆದ. “ಅರ್ಜೆಂಟ್ ಇಲ್ಲಾಂದ್ರೆ ಸ್ವಲ್ಪ ವೇಟ್ ಮಾಡಿ ಅಕ್ಕ. ಹೊಸ ಮಾಡೆಲ್ ಬಂದ್ರೆ ಈ ಮಾಡೆಲ್ ರೇಟ್ ಬಿದ್ದೋಗುತ್ತೆ.” ತನ್ನ ಮಾಲನ್ನು ತಾನೇ ಬೇಡ ಎನ್ನುವ ವ್ಯಾಪಾರಿಯನ್ನು ರುಕ್ಮವ್ವ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಇವನ ಹತ್ತಿರ ಸ್ಟಾಕ್ ಇಲ್ಲ, ಆ ಅಂಗಡಿಗೆ ಗಿರಾಕಿ ಹೋಗದಂತೆ ತಡೆಯುತ್ತಿದ್ದಾನೆ ಎಂದು ಮೆಟ್ಟಿಲಿಳಿಯುವಾಗಲೇ ಲೆಕ್ಕ ಹಾಕಿದಳು. ತಗೋ ಎಂದವನ ಮೇಲೂ ನಂಬಿಕೆಯಿಲ್ಲ, ತಡಿ ಎಂದವನ ಮೇಲೂ ಇಲ್ಲ. ಖಾಲಿ ಕೈಯಲ್ಲಿ ವಾಪಸು ಬಂದರು.

ಮನೆಗೆ ಬಂದ ಮೇಲೆ ನೀಲಾಂಬಿಕಾಳೇ ಕೋಣೆಯ ಮಧ್ಯೆ ನಿಂತು ಗೋಡೆ ನೋಡಿದಳು. “ಅಕ್ಕಾ, ಇಲ್ಲಿ ಹಾಕಿದ್ರ ಬಾಗಿಲದಾಗ ಕುಂತವ್ರಿಗೂ ಕಾಣ್ತದ ನೋಡ್ರಿ. ಈ ಹಬ್ಬಕ್ಕ ತಂದೇ ಬಿಡ್ರಿ. ವಸಂತಮ್ಮನ ಮನಿಗೆ ಹ್ವಾದವ್ರೆಲ್ಲ ತಿರುಗಿ ಬರ್ತಾರ.” ರುಕ್ಮವ್ವನಿಗೆ ಆ ಮಾತು ಹಾಲು ಕುಡಿದಷ್ಟು ಹಿತವಾಯಿತು. ಬೇರೆ ಯಾರೇ ಹೇಳಿದ್ದರೂ ಅವಳು ಹಿಂದೆ ಮುಂದೆ ನೋಡುತ್ತಿದ್ದಳು, ನೀಲಾಂಬಿಕಾ ಹೇಳಿದ್ದಕ್ಕೆ ನೋಡಲಿಲ್ಲ. ಹಬ್ಬಕ್ಕೆ ತರುವುದು ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಳು.

ಇದಾಗಿ ಕೆಲವು ದಿನ ಕಳೆದಿರಬೇಕು. ರೊಟ್ಟಿ ಒಯ್ಯಲು ಬಂದ ನೀಲಾಂಬಿಕಾ ಬಾಗಿಲಲ್ಲೇ ನಿಂತು ಸೆರಗಿನ ತುದಿ ತಿರುವುತ್ತಾ, “ಅಕ್ಕಾ, ಟಿವಿ ಈಗ ತಗೋಬ್ಯಾಡ್ರಿ. ಸ್ವಲ್ಪ ತಡೀರಿ,” ಅಂದಳು.

“ಯಾಕ? ಮೊನ್ನಿ ನೀನೇ ತರ್ರಿ ಅಂದಿ?”

“ಹಂಗೇ ಅಕ್ಕಾ. ಸಂಕ್ರಾಂತಿ ಆಗ್ಲಿ. ಆಗ ನೋಡೋಣು.”

“ಸಂಕ್ರಾಂತಿಗೆ ರೇಟ್ ಇಳೀತದೇನು?”

ನೀಲಾಂಬಿಕಾ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮುಖ ತಗ್ಗಿಸಿಕೊಂಡು ರೊಟ್ಟಿ ತೆಗೆದುಕೊಂಡು ಹೋದಳು. ರುಕ್ಮವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತು ಅವಳ ಬೆನ್ನನ್ನೇ ನೋಡುತ್ತಾ ನಿಂತಳು. ರೊಟ್ಟಿ ಕರಕಾಯಿತು.

ಅನುಮಾನ ಬೇರೆಯವರ ಮೇಲೆ ಬಂದರೆ ರುಕ್ಮವ್ವನಿಗೆ ಅದೊಂದು ಹೊತ್ತು ಕಳೆಯುವ ದಾರಿ. ನೀಲಾಂಬಿಕಾಳ ಮೇಲೆ ಬಂದದ್ದು ಹಾಗಿರಲಿಲ್ಲ, ಅದು ನೋವಾಯಿತು. ಇರಲಾರದು ಎಂದು ತಾನೇ ಸಮಾಧಾನ ಹೇಳಿಕೊಂಡಳು. ಆದರೆ ಒಮ್ಮೆ ಅನುಮಾನ ಬಂದ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ಬೇಕಾದದ್ದನ್ನೆಲ್ಲ ಹುಡುಕಿ ತಂದು ಮುಂದೆ ಸುರಿಯುತ್ತದೆ.

ಮೊದಲನೆಯದು, ಸಂಗಣ್ಣನ ಟೇಪು. ಒಂದು ಬೆಳಿಗ್ಗೆ ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಸಂಗಣ್ಣ ಅಳತೆ ಟೇಪನ್ನು ಗೋಡೆಯುದ್ದಕ್ಕೂ ಎಳೆದು ಹಿಡಿದಿದ್ದ, ನೀಲಾಂಬಿಕಾ ಇನ್ನೊಂದು ತುದಿಯಲ್ಲಿ ಬಗ್ಗಿ ನಿಂತಿದ್ದಳು. ರುಕ್ಮವ್ವನನ್ನು ಕಂಡದ್ದೇ ಟೇಪು ಸರ್ರನೆ ಒಳಗೆ ಸೇರಿತು, ಬಾಗಿಲು ಮುಚ್ಚಿಕೊಂಡಿತು. ಬಾಡಿಗೆ ಮನೆಯ ಗೋಡೆಯನ್ನು ಯಾರಾದರೂ ಯಾಕೆ ಅಳೆಯುತ್ತಾರೆ? ಎರಡನೆಯದು ಫೋನು. ನೀಲಾಂಬಿಕಾ ನಲ್ಲಿಯ ಹಿಂದೆ ನಿಂತು ಸಣ್ಣ ದನಿಯಲ್ಲಿ ಗಂಡನಿಗೆ, “ಈಗೇ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ರುಕ್ಮವ್ವಕ್ಕಗ ಗೊತ್ತಾದ್ರ ಮುಗೀತು, ಸಾಲಿಗೆಲ್ಲ ಗೊತ್ತಾಗ್ತದ,” ಅನ್ನುತ್ತಿದ್ದಳು. ಇಷ್ಟು ಸಾಕಾಯಿತು. ಬಿಡಿಬಿಡಿಯಾಗಿದ್ದದ್ದೆಲ್ಲ ರುಕ್ಮವ್ವನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ನನಗೆ ತಡೀರಿ ಎಂದು ಹೇಳಿ ತಾನು ಮೊದಲು ಟಿವಿ ತರುತ್ತಾಳೆ. ನನ್ನ ಮನೆಯ ಸಂಜೆಯನ್ನು ಎತ್ತಿ ತನ್ನ ಮನೆಗೆ ಒಯ್ಯುತ್ತಾಳೆ. ಎದುರು ಬಾಗಿಲಲ್ಲಿ ಕೂತು ನಾನು ಅದನ್ನು ನೋಡಬೇಕು.

ಮರುದಿನ ನೀರು ಬಿಡುವ ಹೊತ್ತು. ಸಾಲಿನ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ನೀಲಾಂಬಿಕಾ ತನ್ನ ಸರದಿಯನ್ನು ಬಿಟ್ಟುಕೊಟ್ಟು, “ಮೊದಲು ನೀವು ಹಿಡೀರಿ ಅಕ್ಕಾ,” ಅಂದಳು. ಬೇರೆ ದಿನವಾಗಿದ್ದರೆ ರುಕ್ಮವ್ವ ಸುಮ್ಮನೆ ಕೊಡ ಇಡುತ್ತಿದ್ದಳು. ಅಂದು ಆ ಒಳ್ಳೆಯತನವೇ ಅವಳ ಮೈಗೆ ಬೆಂಕಿ ಹಚ್ಚಿತು.

“ನಿನ್ನ ನಾಟಕ ಸಾಕು ಮಾಡು ನೀಲವ್ವ. ನನಗೆಲ್ಲ ಗೊತ್ತದ. ನನಗ ತಡೀರಿ ತಡೀರಿ ಅಂದು ನೀ ಮೊದಲು ತರಬೇಕಂತ ಮಾಡೀದಿ. ನನ್ನ ಮನಿ ದಿನಾ ತುಂಬೋದು ನಿನ್ನ ಕಣ್ಣಾಗ ಚುಚ್ಚಲಕತ್ತದ.”

“ಅಕ್ಕಾ, ಹಂಗಲ್ರಿ...”

“ತಾ, ತಗೊಂಡ ಬಾ. ಗ್ವಾಡಿ ತುಂಬ ಹಾಕು. ಟಿವಿ ತಂದ್ರ ಮನಿ ತುಂಬ್ತದೇನು? ಒಂದು ಕೂಸಿಲ್ಲದ ಮನಿ ಏನ್ ಮಾಡಿದ್ರೂ ಖಾಲಿನೇ.”

ನಲ್ಲಿಯ ಕೆಳಗಿದ್ದ ಕೊಡ ತುಂಬಿ ಚೆಲ್ಲುತ್ತಿದ್ದರೂ ಯಾರೂ ಕೈ ಹಾಕಲಿಲ್ಲ. ಅದು ಅನ್ನಬಾರದ ಮಾತು ಎಂದು ಬಾಯಿಂದ ಹೊರಬಿದ್ದ ಕೂಡಲೇ ರುಕ್ಮವ್ವನಿಗೂ ಗೊತ್ತಾಯಿತು. ಅನುಮಾನಪಡುವವರಿಗೆ ಒಂದು ಕೆಟ್ಟ ಹಟ ಇರುತ್ತದೆ, ತಮ್ಮ ಲೆಕ್ಕ ಸರಿ ಎಂದು ತೋರಿಸುವ ತನಕ ಅವರು ಕ್ಷಮೆ ಕೇಳುವುದಿಲ್ಲ. ನೀಲಾಂಬಿಕಾ ಖಾಲಿ ಕೊಡ ಎತ್ತಿಕೊಂಡು ಮನೆಗೆ ಹೋದಳು.

ಇನ್ನು ತಡೆಯುವ ಮಾತೇ ಇರಲಿಲ್ಲ. ಆದರೆ ಅಂಗಡಿಗೆ ಹೋಗುವ ಮುಂಚೆ ದಾಟಬೇಕಾದ ಒಂದು ದೊಡ್ಡ ಹೊಳೆಯಿತ್ತು. ವೆಂಕಟರಮಣಪ್ಪನವರ ಮನೆಗಳಲ್ಲಿ ಯಾರೂ ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ. ಕ್ಯಾಲೆಂಡರನ್ನೂ ಗಮ್ ಟೇಪಿನಲ್ಲಿ ಅಂಟಿಸಬೇಕು. ಹಿಂದೆ ಯಾರೋ ಕನ್ನಡಿಗೆಂದು ಒಂದು ಸಣ್ಣ ಮೊಳೆ ಹೊಡೆದದ್ದಕ್ಕೆ ಅವರು ಪಂಚೆ ಎತ್ತಿ ಕಟ್ಟಿಕೊಂಡು ಬಂದು ಬೀದಿಯೆಲ್ಲ ಕೇಳುವಂತೆ ಕೂಗಾಡಿದ್ದರು. ಊರು ಹಳ್ಳಿಯಾಗಿದ್ದ ಕಾಲದಿಂದ ಅಲ್ಲಿದ್ದ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ತಾವೇ ಮುಂದೆ ನಿಂತು ಕಟ್ಟಿಸಿದ ಸಾಲು ಅದು, ಆ ಗೋಡೆಗಳ ಮೇಲೆ ಅವರಿಗೆ ಮಕ್ಕಳ ಮೇಲಿನಷ್ಟೇ ಪ್ರೀತಿ.

ರುಕ್ಮವ್ವ ಜಗಳಕ್ಕೆ ಸಜ್ಜಾಗಿಯೇ ಹೋದಳು. ಎಷ್ಟು ವರ್ಷದಿಂದ ಬಾಡಿಗೆ ತಪ್ಪಿಸಿಲ್ಲ, ಗಂಡನ ಹೆಣ ಎತ್ತಿದ ತಿಂಗಳೂ ತಪ್ಪಿಸಿಲ್ಲ ಎಂಬುದನ್ನೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದಳು. ವೆಂಕಟರಮಣಪ್ಪ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಹೆಂಡತಿ ಅಂಜನಮ್ಮ ಹೂ ಕಟ್ಟುತ್ತಿದ್ದರು.

“ಸಾವ್ಕಾರ್ರೇ, ಗೋಡಿ ಟಿವಿ ತರಬೇಕಂತ ಮಾಡೀನಿ. ನಾಕು ಮೊಳೆ...”

“ಒಡ್ಕೊಳಮ್ಮ,” ಅಂದರು ವೆಂಕಟರಮಣಪ್ಪ.

ರುಕ್ಮವ್ವನಿಗೆ ತನ್ನ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. “ದೊಡ್ಡ ಮೊಳೀರಿ. ಡ್ರಿಲ್ಲಿಂಗ್ ಮಾಡ್ತಾರಂತ.”

“ಮಾಡ್ಸ್ಕೊಳಮ್ಮ, ಅದಕ್ಯಾಕೆ ಅಷ್ಟು ಯೋಚ್ನೆ? ನಾಕಲ್ಲ, ಅತ್ತು ಒಡ್ಕೊ. ಅಬ್ಬದ್ ದಿನ ಬಂದು ಕೇಳ್ತಿದೀಯ, ಬ್ಯಾಡ ಅನ್ನಕ್ಕಾಯ್ತದಾ?”

ಅಂಜನಮ್ಮ ಏನೋ ಹೇಳಲು ಬಾಯಿ ತೆರೆದವರು ಗಂಡನ ಮುಖ ನೋಡಿ, ಹೂವಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಹಾಲಿನವನ ನಗುವಿನಲ್ಲಿ ನೀರು ಕಂಡವಳು, ಅಂಗಡಿಯವನ ಟೈಯಲ್ಲಿ ಮೋಸ ಕಂಡವಳು, ಅಂದು ಆ ಮಾತನ್ನು ದೇವರ ಪ್ರಸಾದದ ಹಾಗೆ ಕಣ್ಣಿಗೊತ್ತಿಕೊಂಡು ಬಂದಳು. ಓನರ್ ತನ್ನ ಗೋಡೆಗೆ ಮೊಳೆ ಹೊಡೆಯಲು ಬಿಟ್ಟರೆ ಬಾಡಿಗೆಯವಳಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೇನಿದೆ? ಇಡೀ ಸಾಲಿನಲ್ಲಿ ತನಗೊಬ್ಬಳಿಗೇ ಸಿಕ್ಕಿದ್ದು ಎಂಬ ಹೆಮ್ಮೆಯಲ್ಲಿ ಅವಳ ಕಾಲು ನೆಲದ ಮೇಲಿರಲಿಲ್ಲ. ಅನುಮಾನಪಡಲೇಬೇಕಾಗಿದ್ದ ಆ ಒಂದು ಕಡೆ ಅವಳ ಅನುಮಾನಕ್ಕೆ ನಿದ್ದೆ ಬಂದಿತ್ತು.

ಆಯುಧಪೂಜೆಯ ಹಿಂದಿನ ದಿನ ಟಿವಿ ಬಂತು. ಡ್ರಿಲ್ಲಿಂಗ್ ಮಾಡುವಾಗ ಟೊಳ್ಳು ಇಟ್ಟಿಗೆಯ ಗೋಡೆ ಗಡಗಡ ನಡುಗಿ ಮನೆತುಂಬ ಬೂದಿ ಬಣ್ಣದ ಪುಡಿ ಹಾರಿತು. ಸಂಜೆ ಸಾಲಿಗೆ ಸಾಲೇ ಬಂದು ಕೂತಿತು. ವಸಂತಮ್ಮನ ಕಡೆ ಹೋಗಿದ್ದ ಇಬ್ಬರಿಗೂ ತಲೆನೋವು ವಾಸಿಯಾಗಿತ್ತು, ಬಟ್ಟೆಯೂ ಒಗೆದು ಮುಗಿದಿತ್ತು. ಸ್ವತಃ ವಸಂತಮ್ಮನೂ ಬಂದು, ಸೈಜು ನೋಡಿ, ತುಟಿ ಬಿಗಿದುಕೊಂಡು ಹೋದಳು. ಟಿವಿಯಲ್ಲಿ ಮದುಮಗಳ ಸೀರೆ ಕೆಂಪಗಿತ್ತು, ಅಕ್ಷತೆ ಹಳದಿಯಾಗಿತ್ತು. ರುಕ್ಮವ್ವ ಎಲ್ಲರಿಗೂ ಚುರುಮುರಿ ಹಂಚಿದಳು.

ಎದುರು ಮನೆಯ ಬಾಗಿಲು ಮಾತ್ರ ಮುಚ್ಚಿತ್ತು. ರುಕ್ಮವ್ವ ಕೂತಲ್ಲಿಂದಲೇ ಅದನ್ನು ನೋಡುತ್ತಿದ್ದಳು. ಬರುತ್ತಾಳೆ, ಬರದೆ ಎಲ್ಲಿ ಹೋಗುತ್ತಾಳೆ ಎಂದುಕೊಂಡಳು. ಬರಲಿಲ್ಲ. ಹಾಗಾದರೆ ಕೇಳಿಸಿಕೊಳ್ಳಲಿ ಎಂದು ವಾಲ್ಯೂಮ್ ಏರಿಸಿದಳು. ಮರುದಿನವೂ ಏರಿಸಿದಳು. ಮೂರನೆಯ ದಿನ ಯಾರೋ, “ಅಕ್ಕಾ, ಕಿವಿ ಹರದು ಹೋಗ್ತದ್ರಿ,” ಅಂದಾಗ ಇಳಿಸಿದಳು. ಎದುರು ಮನೆಗೆ ಟಿವಿಯೇನೂ ಬರಲಿಲ್ಲ. ದಿನ ಕಳೆದಂತೆ ಅದೇ ರುಕ್ಮವ್ವನನ್ನು ಒಳಗೊಳಗೇ ಕೊರೆಯತೊಡಗಿತು. ತರಬೇಕೆಂದಿದ್ದವಳು ತನ್ನನ್ನು ನೋಡಿ ಹಿಂಜರಿದಳು, ಅಷ್ಟೇ ಎಂದು ತಾನೇ ಉತ್ತರ ಹೇಳಿಕೊಂಡಳು. ರೊಟ್ಟಿಗೂ ನೀಲಾಂಬಿಕಾ ಬರುವುದನ್ನು ಬಿಟ್ಟಿದ್ದಳು. ಸಂಗಣ್ಣ ಅಂಗಡಿಯ ಚಪಾತಿ ಹಿಡಿದುಕೊಂಡು ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ.

ದೀಪಾವಳಿ ಮುಗಿದ ಮೇಲಿನ ಭಾನುವಾರ ವೆಂಕಟರಮಣಪ್ಪ ಸಾಲಿಗೆ ಬಂದರು. ಎಲ್ಲರನ್ನೂ ಅಂಗಳಕ್ಕೆ ಕರೆದರು. ದನಿಯಲ್ಲಿ ಜೋರಿರಲಿಲ್ಲ.

“ನೋಡ್ರಮ್ಮ, ಮೆಟ್ರೋ ಬಂದ್ಬುಡ್ತು. ನಮ್ಮ ಐಕ್ಳು ಈ ಶೀಟ್ ಮನೆ ಇಟ್ಕೊಂಡು ಏನ್ ಮಾಡಾನ, ಬಿಲ್ಡಿಂಗ್ ಎಬ್ಬುಸ್ಬೇಕು ಅಂತವ್ರೆ. ಬಿಲ್ಡರ್ ಜೊತೆ ಮಾತೂ ಆಗೋಯ್ತು. ಸಂಕ್ರಾಂತಿ ಒಳಗೆ ಎಲ್ಲಾರೂ ಖಾಲಿ ಮಾಡ್ಕೊಟ್ಬುಡಿ. ಅಡ್ವಾನ್ಸ್ ವಾಪಸ್ ಕೊಡ್ತೀನಿ, ಅದ್ರಾಗೇನ್ ಮೋಸ ಇಲ್ಲ.”

ಅಂಗಳದಲ್ಲಿ ಗದ್ದಲವೆದ್ದಿತು. ಒಬ್ಬಳು ಅತ್ತಳು, ಒಬ್ಬಳ ಗಂಡ ಕೂಗಾಡಿದ. ರುಕ್ಮವ್ವ ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂದಳು. ಅವಳಿಗೆ ಕೇಳಬೇಕಾಗಿದ್ದದ್ದು ಒಂದೇ.

“ಮತ್ತ ನನಗ ಮೊಳೆ ಹೊಡ್ಕೋ ಅಂದಿದ್ದಿರಲ್ರಿ ಸಾವ್ಕಾರ್ರೇ?”

“ಬಿದ್ದೋಗೋ ಗೋಡೆಗೆ ಬ್ಯಾಡ ಅಂತ ಯಾಕಮ್ಮ ಅನ್ಲಿ?” ಅಂದರು ವೆಂಕಟರಮಣಪ್ಪ. “ನಿಂಗೂ ಬೇಜಾರು, ನಂಗೂ ಬೇಜಾರು.”

ಅವರು ಅದನ್ನು ಕೊಂಕಾಗಿ ಹೇಳಲಿಲ್ಲ. ಹೇಳುವಾಗ ಅವರ ಕಣ್ಣೂ ಆ ಗೋಡೆಗಳ ಮೇಲೆಯೇ ಇತ್ತು.

ಅಂದು ಸಂಜೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಕೆಲಸ ಬಿಟ್ಟವರು ಹಾಗೇ ಲಗ್ಗೆರೆ, ಅಂದ್ರಹಳ್ಳಿ, ಹೆಗ್ಗನಹಳ್ಳಿ ಎಂದು ಮನೆ ಹುಡುಕಲು ಹೋಗುತ್ತಿದ್ದರು. ಟಿವಿ ಹಚ್ಚಿದರೆ ಅಷ್ಟು ದೊಡ್ಡ ಪರದೆಯ ತುಂಬ ಬಣ್ಣಬಣ್ಣದ ಜನ, ಮುಂದೆ ರುಕ್ಮವ್ವ ಒಬ್ಬಳೇ. ಅವಳೂ ಮನೆ ಹುಡುಕಬೇಕಾಗಿತ್ತು. ಎಲ್ಲ ಕಡೆಯೂ ಈಗ ಅಡ್ವಾನ್ಸ್ ಏರಿತ್ತು, ಕೂಡಿಟ್ಟದ್ದು ಗೋಡೆಯ ಮೇಲೆ ತೂಗುತ್ತಿತ್ತು. ‘ಸಂಕ್ರಾಂತಿ ಆಗ್ಲಿ ಅಕ್ಕಾ, ಆಗ ನೋಡೋಣು.’ ಆ ಮಾತು ಈಗ ಒಂದೊಂದೇ ಅಕ್ಷರವಾಗಿ ಅವಳಿಗೆ ಅರ್ಥವಾಯಿತು. ಆ ಹುಡುಗಿ ತನ್ನಿಂದ ಹೇಳಲಾಗುವಷ್ಟನ್ನು ಹೇಳಿದ್ದಳು. ರುಕ್ಮವ್ವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಎದ್ದು ಟಿವಿ ಆರಿಸಿ, ಅಂಗಳ ದಾಟಿ ಎದುರು ಮನೆಯ ಬಾಗಿಲು ತಟ್ಟಿದಳು.

ನೀಲಾಂಬಿಕಾ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. ಮಂಚವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಬಂದವಳನ್ನು ನೋಡಿ ಅವಳು ಎದ್ದು ನಿಂತಳೇ ಹೊರತು ಬನ್ನಿ ಎನ್ನಲಿಲ್ಲ.

“ನಿನಗ ಮೊದ್ಲೇ ಗೊತ್ತಿತ್ತು,” ಅಂದಳು ರುಕ್ಮವ್ವ.

“ಗೊತ್ತಿತ್ತು. ಕಾರಿನಾಗ ಸಾವ್ಕಾರ್ರು ಬಿಲ್ಡರ್ ಜೋಡಿ ಮಾತಾಡೋದನ್ನ ಇವ್ರು ಕೇಳಿಸ್ಕೊಂಡಿದ್ರು. ಹೊರಗ ಬಾಯಿ ಬಿಟ್ರ ಕೆಲಸದಿಂದ ತಗೀತೀನಿ ಅಂದಿದ್ರಂತ ಸಾವ್ಕಾರ್ರು. ಇವ್ರು ದೇವರ ಮುಂದ ನನ್ನ ಕೈಲೆ ಆಣಿ ಮಾಡ್ಸಿದ್ರು.”

“ಮತ್ತ ಆ ಟೇಪು? ಗ್ವಾಡಿ ಅಳೀಲಕತ್ತಿದ್ದಿರಲ್ಲ?”

“ಗ್ವಾಡಿ ಅಲ್ಲ ಅಕ್ಕಾ, ಗ್ವಾಡಿಗಿದ್ದ ಮಂಚ. ಹೊಸ ಕೋಣಿ ಬಾಗಿಲದಾಗ ಹಿಡೀತದೋ ಇಲ್ಲೋ ಅಂತ ನೋಡ್ಲಕತ್ತಿದ್ದೆವು.”

ರುಕ್ಮವ್ವ ಹೊಸ್ತಿಲ ಮೇಲೆಯೇ ಕೂತುಬಿಟ್ಟಳು. ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತನ್ನು ಹೇಳಿದಳು. “ನಂದು ತಪ್ಪಾತು ನೀಲವ್ವ. ಅನ್ನಬಾರದ ಮಾತು ಅಂದೆ. ನನ್ನ ನಾಲಗಿ ಸುಡ್ಲಿ.” ಆಮೇಲೆ ಕೇಳಲೋ ಬೇಡವೋ ಎಂದು ಕೇಳಿದಳು. “ನೀವು ಹೋಗ್ಲಕತ್ತಿರೋ ಕಡಿ ನನಗೂ ಒಂದು ಕೋಣಿ ನೋಡ್ತೀಯೇನು? ಟಿವಿ ಮಾರಿ ಆದ್ರೂ ಅಡ್ವಾನ್ಸ್ ಕೊಡ್ತೀನಿ. ಯಾರೂ ಗೊತ್ತಿಲ್ಲದ ಕಡಿ ನಾ ಒಬ್ಬಾಕಿನೇ ಇರಂಗಿಲ್ಲ.”

ನೀಲಾಂಬಿಕಾ ಗಂಟಿನ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ನಾಗಸಂದ್ರದ ಆ ಕಡಿ ಎರಡು ಕೋಣಿ ನೋಡಿದ್ವಿ ಅಕ್ಕಾ. ಬಾಗಿಲಕ್ಕ ಬಾಗಿಲ. ಒಂದು ನಮಗ, ಒಂದು ನಿಮಗ. ಆಣಿ ಇತ್ತಲ್ಲ, ನಿಮ್ಮ ಹಂತ್ಯಾಕ ಬಾಯಿ ಬಿಡಂಗಿರಲಿಲ್ಲ, ಅದಕ್ಕ ಸುಮ್ನ ಹಿಡ್ಸಿ ಇಟ್ಟಿದ್ವಿ. ನೀವು ನಳದ ಹಂತ್ಯಾಕ ಆ ಮಾತಂದ ದಿನ, ಒಂದೇ ಸಾಕು ಅಂತ ನಾನೇ ಇವ್ರಿಗೆ ಹೇಳಿ ಕಳಿಸ್ದೆ. ನಿಮಗಂತ ಹಿಡಿದದ್ದನ್ನ ಮರುದಿನಾನೇ ಬೀದರ್ ಕಡ್ಯಾವ್ರು ತಗೊಂಡ್ರು.”

ರುಕ್ಮವ್ವ ತಲೆಯೆತ್ತಿ ಅವಳ ಮುಖವನ್ನು ನೋಡಿದಳು. ಹಾಲಿನವನನ್ನು ನೋಡುವಂತೆ, ಅಂಗಡಿಯವನನ್ನು ನೋಡುವಂತೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎದುರಿಗಿರುವವರು ಸುಳ್ಳು ಹೇಳುತ್ತಿರಲಿ ದೇವರೇ ಎಂದು ಅವಳು ಬೇಡಿಕೊಂಡದ್ದು ಅದೇ ಮೊದಲು. ನೀಲಾಂಬಿಕಾ ಸುಳ್ಳು ಹೇಳುತ್ತಿರಲಿಲ್ಲ. ಅವಳು ಕಣ್ಣೊರೆಸಿಕೊಂಡು ಕೆಳಗೆ ಕೂತು, ಉಳಿದ ಪಾತ್ರೆಗಳನ್ನು ಗಂಟಿಗೆ ಸೇರಿಸತೊಡಗಿದಳು.